ಹಾಡಿನೊಳಗೆ ಬಿದ್ದ ಅಡುಗೆಮನೆಯ ಮಾತು

ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯ ಕ್ರಾಂತಿಕುಮಾರ್ ಹಗಲು ಮನೆಮನೆ ತಿರುಗಿ ಕರೆಂಟ್ ಮೀಟರ್ ಓದುತ್ತಾನೆ, ಸಂಜೆ ಹಾಡು ಕಿರುಚುತ್ತಾನೆ. ಹಾಡುತ್ತಾನೆ ಎಂದರೆ ಅವನೇ ಒಪ್ಪುವುದಿಲ್ಲ. ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದಾಗ ಯಾರದೋ ಇಯರ್‌ಫೋನಿನಲ್ಲಿ ಇಂಗ್ಲಿಷಿನ ಪಂಕ್ ಎಂಬ ಅಬ್ಬರದ ಹಾಡು ಕೇಳಿದನಂತೆ. ಮಾತು ಒಂದೂ ತಿಳಿಯಲಿಲ್ಲ, ಸಿಟ್ಟು ಪೂರ್ತಿ ತಿಳಿಯಿತು. ಅಂದಿನಿಂದ ತಂತಿ ಹರಿದ ಗಿಟಾರು, ಅರ್ಧ ಸತ್ತ ಕೀಬೋರ್ಡು, ಒಂದು ಮೊಬೈಲು. ಜೊತೆಗಾರರಿಲ್ಲ. ಆ ತಾಳಕ್ಕೆ ಇನ್ನೊಬ್ಬ ಸಿಗುವುದೂ ಕಷ್ಟ ಬಿಡಿ.

ಹರಪನಹಳ್ಳಿಯ ಕಾಲೇಜೊಂದರಲ್ಲಿ ಹಾಡಲು ಕರೆದವರೇ ಅರ್ಧಕ್ಕೆ ಮೈಕು ಬಂದ್ ಮಾಡಿದರು. ಇವನು ಮೈಕಿಲ್ಲದೆಯೇ ಹಾಡಿ ಮುಗಿಸಿ ಬಂದ. ಕೊಟ್ಟೂರು, ಕೂಡ್ಲಿಗಿಯ ಹುಡುಗರು ಅವನನ್ನು ಮೆಚ್ಚಿದ್ದು ಆಮೇಲೆ. ಒಂದೇ ಹಟ ಅವನದು: ಒಮ್ಮೆ ರೆಕಾರ್ಡ್ ಮಾಡಿದ್ದನ್ನು ತಿದ್ದುವುದಿಲ್ಲ. ಕುಕ್ಕರ್ ಕೂಗಲಿ, ಕೋಳಿ ಕೂಗಲಿ, ಫೋನಿಗೆ ಬಿದ್ದದ್ದೆಲ್ಲ ಹಾಡು.

ಆ ಹಟವೇ ಮನೆಗೆ ಮುಳ್ಳಾಯಿತು. ಮೀಟರ್ ಓದಲು ಹೋದಲ್ಲೆಲ್ಲ ಅಟ್ಟಿಸಿಕೊಂಡು ಬರುವ ನಾಯಿಗಳ ಮೇಲೆ ‘ನಾಯಿ ಕಟ್ರಿ’ ಎಂಬ ಹಾಡು ಕಟ್ಟಿ, ಇದ್ದದ್ದು ಇದ್ದಂತೆ ಇಂಟರ್ನೆಟ್ಟಿಗೆ ಬಿಟ್ಟ. ನಡುವೆ ಉಸಿರೆಳೆಯಲು ನಿಂತಾಗ ಅವನ ಹೆಂಡತಿ, ತುಂಬು ಬಸುರಿ ಹುಲಿಗೆಮ್ಮ, ಅಡುಗೆಮನೆಯಲ್ಲಿ ಪಕ್ಕದ ಮನೆಯ ತಿಪ್ಪೇರುದ್ರಮ್ಮನಿಗೆ ಹೇಳುತ್ತಿದ್ದ ಮಾತು ಗಂಟೆ ಹೊಡೆದಂತೆ ಕೇಳುತ್ತಿತ್ತು: “ನಮ್ಮ ರೇಖಕ್ಕ ಬಂದ್ಲಂದ್ರ ಸಕ್ಕರಿ ಡಬ್ಬಿಗೆ ಜ್ವರ ಬರ್ತಾವ ನೋಡು.”

ರೇಖಾ ಕ್ರಾಂತಿಯ ಅಕ್ಕ. ಹಲವಾಗಲಿನಲ್ಲಿ ನರ್ಸು. ತವರಿಗೆ ಬಂದರೆ ಚಹಾಕ್ಕೆ ಕೈತುಂಬ ಸಕ್ಕರೆ ಸುರಿದು ಡಬ್ಬಿ ಬರಿದು ಮಾಡುವವಳು. ಹಾಡು ಊರೂರು ಹರಿಯಿತು, ಅದರಲ್ಲೂ ಡಬ್ಬಿಯ ಮಾತು. ಇಂಜೆಕ್ಷನ್ನಿಗೆ ಬಂದವರೂ ಆಕೆಯ ಮುಂದೆ ಜ್ವರದ ಮಾತೆತ್ತಿ ನಗತೊಡಗಿದರು. ರೇಖಾ ತಮ್ಮನ ಫೋನು ಎತ್ತುವುದನ್ನೇ ಬಿಟ್ಟಳು. ಕ್ರಾಂತಿ ಹಾಡು ತೆಗೆದುಹಾಕಿದ. ಆದರೆ ಎಲ್ಲರ ಮೊಬೈಲಿಗೂ ಸೇರಿದ ಮೇಲೆ ತೆಗೆದೇನು ಬಂತು? ಗಿಟಾರನ್ನು ಅಟ್ಟಕ್ಕೆ ಹಾಕಿದ.

ಅಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಕರೆಯಬೇಕಾದವಳು ಸೋದರತ್ತೆ. ತೊಟ್ಟಿಲಿಗೆ ಬಗ್ಗಿ ಆಕೆ ‘ಕುರ್ರ್’ ಎಂದು ಹೆಸರು ಹೇಳಬೇಕು, ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಕ್ರಾಂತಿಗಿರುವುದು ಒಬ್ಬಳೇ ಅಕ್ಕ. ಆಕೆ ಬಾರದಿದ್ದರೆ ತೊಟ್ಟಿಲ ಮುಂದೆಯೇ ತವರಿನ ನಂಟು ಹರಿದಂತೆ.

ಕರೆಯಲು ಅವನೇ ಹಲವಾಗಲಿಗೆ ಹೋದ. ರೇಖಾ ಚಹಾ ಕೊಟ್ಟಳು, ಸಕ್ಕರೆ ಹಾಕದೆ. ಅವನು ಕೊನೆಯ ಗುಟುಕಿನವರೆಗೂ ಕುಡಿದ. ಆಕೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ಊರಿಗೆ ಬಂದವನು ನನ್ನೆದುರು ಕೂತು, ಹಾಡು ಹೋದರೆ ಹೋಗಲಿ, ಅಕ್ಕ ಉಳಿದರೆ ಸಾಕು ಎಂದ.

ಹೆಸರಿಡುವ ದಿನ ತೊಟ್ಟಿಲು ಕಟ್ಟಿಯಾಯಿತು. ಅವನ ತಾಯಿ ಮಾರೆಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ತಿಪ್ಪೇರುದ್ರಮ್ಮ ತಾನೇ ಹೆಸರು ಕರೆಯಲು ಸೆರಗು ಸಿಕ್ಕಿಸುವುದನ್ನು ಅಂಗಳದಿಂದಲೇ ಕಂಡು ನನಗೆ ಮೈಯೆಲ್ಲ ಉರಿಯಿತು. ಡಬ್ಬಿಯ ಮಾತನ್ನು ಊರಿಗೆಲ್ಲ ಬಿಡಿಸಿ ಹೇಳಿ ಅರ್ಧ ಜಗಳ ಹೊತ್ತಿಸಿದ ಬಾಯಿಯೇ ಅದು. ಆಗ ರೇಖಾ ಬಂದಳು. ನೆಟ್ಟಗೆ ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿದಳು. ಹೆಂಗಸರು ಕೈ ಎತ್ತಿದರು.

“ತಡೀರಿ,” ಎಂದಳು, ಬಗ್ಗಿದಲ್ಲಿಂದಲೇ. “ಮೊದಲ್ನೇ ಗುದ್ದು ಹುಲಿಗೆಮ್ಮಂದು. ಆಕಿ ಗುದ್ದೋಮಟ ನಾ ಏಳಂಗಿಲ್ಲ.”

ಬಾಣಂತಿ ಗುದ್ದುವ ಪದ್ಧತಿ ಎಲ್ಲೂ ಇಲ್ಲ. ಹುಲಿಗೆಮ್ಮ ಎದ್ದು ಬೆನ್ನಿನ ಮೇಲೆ ಸುಮ್ಮನೆ ಕೈ ಇಟ್ಟಳು.

“ಇಷ್ಟಽ ಏನು? ನನ್ನ ಬೈಯೋಮುಂದ ಜೋರಿತ್ತಲ್ಲ ಬಾಯಿ.”

ಹುಲಿಗೆಮ್ಮ ಗುದ್ದಿದಳು. ಧಪ್ಪೆಂದ ಸದ್ದು ಹೊರಗೆ ಕೂತ ನಮಗೂ ಕೇಳಿಸಿತು. ಹಿಂದೆಯೇ ಅತ್ತಿಗೆ ನಾದಿನಿ ತೆಕ್ಕೆಬಿದ್ದು ಅತ್ತದ್ದೂ ಕೇಳಿಸಿತು. ಕ್ರಾಂತಿ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು, ಗಂಡಸರೆಲ್ಲ ನೋಡುತ್ತಿದ್ದರೂ ನಾಚದೆ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.