ಎತ್ತರ ಜಿಗಿತಕ್ಕೆ ಮದುವೆಯ ಗಾದಿ

ಅಂದು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಗಾದಿಯ ಜೊತೆ ಗೋರೆಗಾಂವ್‌ಗೆ ಹೋದವರಲ್ಲಿ ನಾನೂ ಇದ್ದೆನೇ, ಅಥವಾ ಗೆಳೆಯರು ಹೇಳಿದ್ದನ್ನು ಕೇಳಿ ಕೇಳಿ ನನ್ನನ್ನೂ ಅಲ್ಲಿ ಕೂರಿಸಿಕೊಂಡೆನೇ, ಖಚಿತವಿಲ್ಲ. ಕಾಲ ಎಪ್ಪತ್ತರ ಆಸುಪಾಸು. ಸಾಕ್ಷ್ಯ ಕೇಳುವ ಚಾಳಿಯನ್ನು ವಿಶ್ವವಿದ್ಯಾಲಯ ನನಗೆ ಹತ್ತಿಸಿದ್ದು ಆಮೇಲೆ.

ವಡಾಲದ ನಮ್ಮ ಕನ್ನಡ ಶಾಲೆಯೆಂದರೆ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆ. ಮೈದಾನವಿಲ್ಲ. ಆಟದ ಸಾಮಾನೆಂದರೆ ಒಂದು ಹಗ್ಗ, ಗಾಳಿ ನಿಲ್ಲದ ಒಂದು ಚೆಂಡು. ಆದರೂ ನಮ್ಮ ಕ್ಲಾಸಿನ ಒಬ್ಬ ಹುಡುಗಿ ಎತ್ತರ ಜಿಗಿತದಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದಳು. ಅವಳ ತಂದೆ ವಿಜಾಪುರದ ಕಡೆಯ ಪಿಂಜಾರರು. ತಾವಿದ್ದ ಚಾಳಿನ ಕೆಳಗೆ ಹತ್ತಿ ಎಕ್ಕಿ ಗಾದಿ ಹೊಲಿಯುತ್ತಿದ್ದರು. ಆ ಗಾದಿಗಳ ಮೇಲೆ ಹಾರಿಯೇ ಬೆಳೆದವಳು, ಹಗ್ಗ ದಾಟಿ ನಿರಾಳವಾಗಿ ಬೆನ್ನ ಮೇಲೆ ಬೀಳುತ್ತಿದ್ದಳು.

ಶಾಲೆಗಳ ಸ್ಪರ್ಧೆಯಲ್ಲಿ ಬೀಳಬೇಕಾದದ್ದು ಮರಳಿನ ಮೇಲೆ. ಮಂಗಳೂರಿನ ಕಡೆಯ ನಮ್ಮ ಡ್ರಿಲ್ ಮಾಸ್ತರರು ಅವಳಿಗೆ ಕಾಲೂರಿ ಇಳಿಯಲು ಕಲಿಸಹೋದರು. ಕಾಲಿನ ಮೇಲೆ ಗಮನ ಹೋದೊಡನೆ ಅವಳು ಹಗ್ಗಕ್ಕೆ ಒದೆಯುತ್ತಿದ್ದಳು.

"ಬೆನ್ನು ಮುರಿದ್ರೆ ಯಾರು ಉತ್ತರ ಕೊಡುದು ಮಾರಾಯ್ರೆ? ಇವಳ ಹೆಸ್ರು ತೆಗೀತೇನೆ," ಎಂದರು ಮಾಸ್ತರರು, ಅವಳ ತಂದೆಗೆ.

"ತೆಗೀಬ್ಯಾಡ್ರಿ ಮಾಸ್ತರ. ಗಾದಿ ನಾ ತರ್ತೀನಿ."

"ಯಾರದ್ದು ಅದು?"

"ಒಂದ್ ಮದುವಿ ಮನೀದು. ಮದುವಿ ಇನ್ನೂ ದೂರ ಐತಿ ಬಿಡ್ರಿ."

ಬಾಂದ್ರಾದಲ್ಲಿ ಲೋಕಲ್ ಬದಲಿಸಿ, ಚಾದರ ಸುತ್ತಿದ ಗಾದಿಯನ್ನು ಗೋರೆಗಾಂವ್‌ನ ಮೈದಾನಕ್ಕೆ ಹೊತ್ತು ತಂದಾಗ ತೀರ್ಪುಗಾರರು ನಕ್ಕರು. "ಖೇಲ್ನೇ ಆಯೇ ಹೋ ಯಾ ಸೋನೇ?" ಆಡಲು ಬಂದದ್ದೋ, ಮಲಗಲೋ?

"ಪೈಲೇ ಛೋಕರೀ ಕೂದೇಗೀ ಸಾಬ್, ಬಾದ್ ಮೆ ಆಪ್ ಸೋ ಜಾನಾ," ಎಂದರು ತಂದೆ. ಮೊದಲು ಹುಡುಗಿ ಜಿಗಿಯಲಿ, ಆಮೇಲೆ ನೀವು ಮಲಗುವಿರಂತೆ.

"ಗಾದಿ ಹಾಕಬಾರ್ದು ಅಂತ ನಿಮ್ಮ ರೂಲಿನಲ್ಲಿ ಎಲ್ಲುಂಟು?" ಎಂದು ಮಾಸ್ತರರು ತಮ್ಮ ಅರೆಬರೆ ಹಿಂದಿಯಲ್ಲಿ ವಾದಕ್ಕೆ ನಿಂತರು. ತೀರ್ಪುಗಾರರು ಯೋಚಿಸಿ ಒಪ್ಪಿದರು, ಒಂದು ಷರತ್ತಿನ ಮೇಲೆ: ಹಾಸಿದರೆ ಎಲ್ಲರಿಗೂ ಹಾಸಬೇಕು.

ತಂದೆ ಬೇರೆ ಶಾಲೆಗಳ ಹುಡುಗಿಯರ ಸಾಲು ನೋಡಿದರು, ಅವರ ಮಣ್ಣು ಮೆತ್ತಿದ ಕಾಲು ನೋಡಿದರು, ಮಗಳ ಮುಖ ನೋಡಿದರು. ಹಾಸಿಬಿಟ್ಟರು.

ಆಮೇಲೆ ಮೈದಾನದ ತುಂಬ ನಗು. ಸೋತು ಹೊರಬಿದ್ದವರೂ ಬೀಳುವ ಖುಷಿಗೆಂದೇ ಮತ್ತೆ ಸಾಲಿಗೆ ಬಂದು ನಿಲ್ಲುತ್ತಿದ್ದರು. "ಆರಾಮ್ಸೆ ಬೇಟೀ, ಆರಾಮ್ಸೆ!" ಮೆಲ್ಲಗೆ ಬೀಳಿರೆಂದು ತಂದೆ ಪ್ರತಿಯೊಬ್ಬಳಿಗೂ ಕೂಗುತ್ತಿದ್ದರು; ಕಳಕಳಿ ಹುಡುಗಿಯರದೋ ಗಾದಿಯದೋ ತಿಳಿಯುವಂತಿರಲಿಲ್ಲ.

ನಮ್ಮವಳೇ ಗೆದ್ದಳೆಂದು ನನ್ನ ನೆನಪು. ಆದರೆ ಈ ವಿಷಯದಲ್ಲಿ ನಮ್ಮ ಶಾಲೆಯ ಯಾರ ಮಾತನ್ನೂ ನಾನು ಸಾಕ್ಷ್ಯವೆಂದು ಒಪ್ಪುವವನಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ವರ್ಷಗಳ ನಂತರ, ಫೋರ್ಟ್ ಪ್ರದೇಶದ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ಅಂದು ಒಂದು ಮರಾಠಿ ಶಾಲೆಯ ಪರವಾಗಿ ಜಿಗಿದಿದ್ದರೆಂದು ತಿಳಿದು, ಗೆದ್ದವರು ಯಾರೆಂದು ಕೇಳಿಯೇ ಬಿಟ್ಟೆ. ಎರಡನೆಯ ಸ್ಥಾನ ತಮ್ಮದು, ಮೊದಲನೆಯದು ಗಾದಿಯವರ ಮಗಳದು ಎಂದರು.