ಅಮ್ಮನ ಹೆಸರಲ್ಲಿ ಕುಯ್ದ ಕಾಫಿ

ಇಲ್ಲಿ ಜನ ದುಡ್ಡು ಕೊಟ್ಟು ಹಣ್ಣು ಕುಯ್ಯಲು ಹೋಗುತ್ತಾರೆ. ಕೆನಡಾಕ್ಕೆ ಬಂದ ಹೊಸತರಲ್ಲಿ ಸಹಪಾಠಿಗಳು ನನ್ನನ್ನು ಒಂದು ಸೇಬಿನ ತೋಟಕ್ಕೆ ಕರೆದೊಯ್ದರು. ಗೇಟಿನಲ್ಲಿ ಟಿಕೆಟ್! ಒಳಗೆ ಅಪ್ಪ, ಅಮ್ಮ, ಮಕ್ಕಳು ಒಳ್ಳೆಯ ಬಟ್ಟೆ ಹಾಕಿಕೊಂಡು, ಒಂದೊಂದೇ ಹಣ್ಣು ಕಿತ್ತು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ. ಇದಕ್ಕೆ ‘ಯು-ಪಿಕ್’ ಎನ್ನುತ್ತಾರೆ, ಅಂದರೆ ನಿಮ್ಮ ಹಣ್ಣು ನೀವೇ ಕುಯ್ದುಕೊಳ್ಳಿ ಎಂದು. ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಅವರು ಇನ್ನೂ ಮರ ಆರಿಸುತ್ತಿರುವಾಗಲೇ ನನ್ನ ಬುಟ್ಟಿ ತುಂಬಿತ್ತು. ಎಲ್ಲಿ ಕಲಿತೆ ಎಂದು ಕೇಳಿದರು. ಕೂಲಿ ಮಾಡಿ ಕಲಿತೆ ಎಂದೆ. ಅಷ್ಟೇ ಮಾತನ್ನು ಒಂದು ಕಾಗದದ ಮೇಲೆ ಬರೆಸಿಕೊಳ್ಳಲು ನಾನು ಪಟ್ಟ ಪಾಡು ಅವರಿಗೆ ಹೇಗೆ ಗೊತ್ತಾಗಬೇಕು?

ನನ್ನದು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟು. ಮನೆ ಎಂದರೆ ಲೈನ್‌ಮನೆ, ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೆಲಸಗಾರರ ಮನೆಗಳಲ್ಲಿ ಒಂದು. ಗೋಡೆಯ ಈಚೆ ನಮ್ಮ ತುಳು, ಆಚೆ ತಮಿಳು, ಅಂಗಳಕ್ಕೆ ಇಳಿದರೆ ಎಲ್ಲರದ್ದೂ ಕನ್ನಡ. ನಾವು ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಸೀನುತ್ತಿದ್ದರು. ಇಲ್ಲಿ ನಾನಿರುವುದು ‘ಬೇಸ್‌ಮೆಂಟ್’ನಲ್ಲಿ, ಅಂದರೆ ಮನೆಯ ಕೆಳಗೆ ನೆಲದೊಳಗಿರುವ ಮನೆಯಲ್ಲಿ. ಮೇಲಿನವರ ಹೆಜ್ಜೆ ಸಪ್ಪಳ ಚೆನ್ನಾಗಿ ಪರಿಚಯ, ಮುಖ ಮಾತ್ರ ಗೊತ್ತಿಲ್ಲ. ಒಗ್ಗರಣೆ ಹಾಕಿದರೆ ಸೀನುವವರಿಲ್ಲ, ಚಾವಣಿಯ ಹೊಗೆ ಅಲಾರಾಂ ಬಡಿದುಕೊಳ್ಳುತ್ತದೆ. ಮೊದಲ ಸಲ ಅದು ಕೂಗಿದಾಗ ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಈಗ ಕಿಟಕಿ ತೆಗೆದಿಟ್ಟು ಒಗ್ಗರಣೆ ಹಾಕುವುದನ್ನು ಕಲಿತಿದ್ದೇನೆ.

ಪಾಡಿನ ವಿಷಯಕ್ಕೆ ಬರುತ್ತೇನೆ. ನಾನು ಬಿ.ಎಸ್ಸಿ. ಮುಗಿಸಿದ ವರ್ಷ ಅಪ್ಪ ನೆರಳಿನ ಮರದ ಕೊಂಬೆ ಕಡಿಯುವಾಗ ಬಿದ್ದು ಸೊಂಟ ಮುರಿದುಕೊಂಡರು. ಓದು ಅಲ್ಲಿಗೇ ನಿಂತಿತು. ಮೂರು ವರ್ಷ ಅಮ್ಮನ ಜೊತೆ ತೋಟಕ್ಕೆ ಹೋದೆ. ಅಪ್ಪ ಎದ್ದು ಓಡಾಡುವಂತಾದ ಮೇಲೆ ಹಠ ಹಿಡಿದು ಅರ್ಜಿ ಹಾಕಿ, ಇಲ್ಲಿಯ ಕಾಲೇಜೊಂದರಲ್ಲಿ ತೋಟಗಾರಿಕೆಯ ಕೋರ್ಸಿಗೆ ಸೀಟು ಗಿಟ್ಟಿಸಿದೆ. ವಿದ್ಯಾರ್ಥಿವೇತನ ಸಿಕ್ಕಿತು, ಉಳಿದದ್ದಕ್ಕೆ ಬ್ಯಾಂಕಿನವರು ಒಪ್ಪಿದರು. ಇನ್ನು ಬೇಕಾಗಿದ್ದದ್ದು ಸ್ಟಡಿ ಪರ್ಮಿಟ್, ಅಂದರೆ ಓದಲು ಈ ದೇಶದಲ್ಲಿ ಇರಬಹುದು ಎಂಬ ಅಪ್ಪಣೆ.

ಪಾಸ್‌ಪೋರ್ಟು, ಅಂಕಪಟ್ಟಿ, ಕಾಲೇಜಿನ ಪತ್ರ, ಬ್ಯಾಂಕಿನ ಪತ್ರ ಎಲ್ಲ ಜೋಡಿಸಿಕೊಂಡು ಮೈಸೂರಿನ ಏಜೆಂಟರ ಮುಂದಿಟ್ಟೆ. ಅವರು ನನ್ನ ಮೂರು ವರ್ಷದ ಮೇಲೆ ಬೆರಳಿಟ್ಟರು.

“ಇದೇನು ಮೇಡಂ, ಇಷ್ಟು ದೊಡ್ಡ ಗ್ಯಾಪು? ಏನ್ ಮಾಡ್ತಿದ್ರಿ?”

“ಕಾಫಿ ಕುಯ್ತಿದ್ದೆ.”

“ಹಾಗೆಲ್ಲ ಬರೆದ್ರೆ ರಿಜೆಕ್ಟ್ ಮಾಡ್ತಾರೆ. ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸ ಮಾಡಿದ್ರಿ ಅಂತ ಒಂದು ಲೆಟರ್ ಕೊಡಿಸ್ತೀನಿ. ಎಲ್ರೂ ಮಾಡೋದೇ.”

ಸುಳ್ಳು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಬಾಗಿಲು ಮುಚ್ಚುತ್ತದೆ ಎಂದು ಓದಿದ್ದೆ. ಆದರೆ ಆಗ ಮೈಯೆಲ್ಲ ಉರಿದದ್ದು ಆ ಭಯಕ್ಕಲ್ಲ. ಜಿಗಣೆ ಕಚ್ಚಿಸಿಕೊಂಡು, ಕೆಂಪಿರುವೆ ಕಡಿಸಿಕೊಂಡು ಕಳೆದ ವರ್ಷಗಳನ್ನು ನಾನು ಕಣ್ಣಲ್ಲೂ ಕಾಣದ ಅಂಗಡಿಯೊಂದಕ್ಕೆ ಯಾಕೆ ಬರೆದುಕೊಡಲಿ? “ಇದ್ದದ್ದನ್ನೇ ಬರೀರಿ ಸಾರ್, ಲೆಟರ್ ನಾನು ತರ್ತೀನಿ” ಎಂದು ಎದ್ದು ಬಂದೆ.

ಲೆಟರ್ ತರುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಎಸ್ಟೇಟಿನಲ್ಲಿ ಹಾಜರಿ, ತೂಕ ಬರೆದುಕೊಳ್ಳುವವರಿಗೆ ರೈಟರು ಎನ್ನುತ್ತೇವೆ. ನಮ್ಮ ರೈಟರು ಒಳ್ಳೆಯವರೇ. ಆದರೆ, “ನಿನ್ ಹೆಸ್ರೇ ಇಲ್ವಲ್ಲ ಮಾರಾಯ್ತಿ, ಇಲ್ಲದ್ದನ್ನ ನಾನ್ ಹೇಗೆ ಬರ್ದ್ ಕೊಡ್ಲಿ?” ಎಂದು ಕೈಚೆಲ್ಲಿದರು. ಅವರು ಹೇಳಿದ್ದು ಸರಿಯೇ. ಪಿಕ್ಕಿಂಗಿನಲ್ಲಿ, ಅಂದರೆ ಕಾಫಿ ಕುಯ್ಲಿನಲ್ಲಿ, ಒಂದು ಮನೆಯವರು ಎಷ್ಟು ಜನ ಕುಯ್ದರೂ ಹಣ್ಣೆಲ್ಲ ಒಟ್ಟಿಗೆ ತೂಗಿ ಒಬ್ಬರ ಹೆಸರಿಗೆ ಬರೆಸುವುದು ನಮ್ಮಲ್ಲಿ ರೂಢಿ. ನಾನು ಕುಯ್ದದ್ದೆಲ್ಲ ಅಮ್ಮನ ಹೆಸರಿಗೆ ಹೋಗಿತ್ತು.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪಿಕ್ಕಿಂಗ್ ಮುಗಿದ ದಿನ, ಎಲ್ಲರಿಗಿಂತ ಹೆಚ್ಚು ಕುಯ್ದವರಿಗೆ ಎಸ್ಟೇಟಿನ ಯಜಮಾನರಾದ ಸಾಹುಕಾರರು ಬಹುಮಾನ ಕೊಡುತ್ತಾರೆ. ಆ ಮೂರು ವರ್ಷವೂ ಅದು ಅಮ್ಮನಿಗೇ ಬಂದಿತ್ತು. ಒಬ್ಬರೇ ಕುಯ್ಯುವ ಪಕ್ಕದ ಮನೆಯ ಜಾನಕಕ್ಕ ಪ್ರತಿ ಸಲವೂ ಎರಡನೆಯವರು. ಅಮ್ಮ ಜೀವನದಲ್ಲಿ ಚಪ್ಪಾಳೆ ಕಂಡದ್ದು ಆ ಮೂರೇ ಸಲ. ರೈಟರು ಅಂದದ್ದನ್ನಷ್ಟೇ ಮನೆಯಲ್ಲಿ ಹೇಳಿದೆ, ಅವಳನ್ನು ಏನೂ ಕೇಳಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಹಂಚುವ ಹೊತ್ತಿಗೆ ಎಲ್ಲರೂ ನಿಂತಿದ್ದಾಗ ಅಮ್ಮನೇ ಮುಂದೆ ಹೋದಳು.

“ರೈಟ್ರೇ, ಆ ಮೂರು ವರ್ಷದ್ದು ನಾನೊಬ್ಳೇ ಕುಯ್ದದ್ದಲ್ಲ. ಅರ್ಧ ಮಗಳದ್ದು. ಹಾಗಂತ ಬರ್ಕೊಡಿ.”

“ಹಾಗ್ ಬರೆದ್ರೆ ಬಹುಮಾನ ವಾಪಸ್ ಕೇಳ್ಬೋದು ಪದ್ಮಕ್ಕ.”

“ಕೊಡ್ತೀನಿ. ಕುಕ್ಕರ್ ಇನ್ನೂ ಡಬ್ಬದಿಂದ ತೆಗೆದಿಲ್ಲ.”

ಯಾರೋ ನಕ್ಕರು. ಜಾನಕಕ್ಕ, “ನಮ್ಗೆ ಗೊತ್ತಿಲ್ವಾ, ಒಬ್ಳ ಕೈಯಲ್ಲಿ ಅಷ್ಟೆಲ್ಲ ಆಗ್ತದಾ?” ಎಂದರು. ಅಮ್ಮ ತಲೆ ತಗ್ಗಿಸಲಿಲ್ಲ, ಆದರೆ ಕಿವಿಯವರೆಗೂ ಕೆಂಪಾಗಿದ್ದಳು. ನನಗೆ ಅಲ್ಲಿಂದ ಓಡಿಹೋಗಬೇಕು ಎನಿಸಿತು. ಪರ್ಮಿಟ್ಟೂ ಬೇಡ, ಏನೂ ಬೇಡ ಎನಿಸಿತು. ಓಡಲಿಲ್ಲ, ಅವಳ ಪಕ್ಕದಲ್ಲೇ ಹೋಗಿ ನಿಂತೆ.

ರೈಟರು ಬರೆದರು, ಸಾಹುಕಾರರು ಸಹಿ ಹಾಕಿದರು, ಬಹುಮಾನವನ್ನು ಯಾರೂ ವಾಪಸು ಕೇಳಲಿಲ್ಲ. ಅದೇ ವಾರ ಅಮ್ಮ ಒಂದು ದಿನದ ಕೂಲಿ ಬಿಟ್ಟು ನನ್ನ ಜೊತೆ ಮಡಿಕೇರಿಗೆ ಬಂದು, ನೋಟರಿಯ ಮುಂದೆ ಇದೆಲ್ಲ ನಿಜ ಎಂಬ ಅಫಿಡವಿಟ್ಟಿಗೂ ಸಹಿ ಹಾಕಿದಳು. ಕೊನೆಯದಾಗಿ ಉಳಿದದ್ದು ನಾನೇ ಬರೆಯಬೇಕಾದ ಪತ್ರ: ಯಾಕೆ ಓದಬೇಕು, ಓದಿ ಏನು ಮಾಡುತ್ತೇನೆ ಎಂದು. ‘ಕೋರ್ಸ್ ಮುಗಿದ ಮೇಲೆ ಊರಿಗೆ ಮರಳುತ್ತೇನೆ’ ಎಂದು ಅದರಲ್ಲಿ ಬರೆದಿದ್ದೆ. ಮಡಿಕೇರಿಯಿಂದ ಬರುವಾಗ ಬಸ್ಸಿನಲ್ಲಿ ಅಮ್ಮನಿಗೆ ತುಳುವಿನಲ್ಲಿ ಓದಿ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ, “ಚೆನ್ನಾಗುಂಟು” ಎಂದಳು.

ಪರ್ಮಿಟ್ ಬಂತು. ನಾನೂ ಬಂದೆ. ಈಗ ಊರಲ್ಲಿ ಮತ್ತೆ ಪಿಕ್ಕಿಂಗ್, ಇಲ್ಲಿ ಮೊಣಕಾಲುದ್ದ ಹಿಮ. ಕೋರ್ಸ್ ಮುಗಿಯುತ್ತಾ ಬಂದಿದೆ. ಮೊನ್ನೆ ನಮ್ಮ ಪ್ರೊಫೆಸರ್ ಕರೆದು, ಇಲ್ಲೇ ಉಳಿದು ತಮ್ಮ ಪ್ರಯೋಗದ ತೋಟ ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ಖುಷಿಯಿಂದ ರಾತ್ರಿ ನಿದ್ದೆ ಬರಲಿಲ್ಲ. ಆ ಸುದ್ದಿ ಹೇಳಲೆಂದೇ ಅಮ್ಮನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

“ಈಗ ರೈಟ್ರು ಒಬ್ಬೊಬ್ರದ್ದೂ ಬೇರೆ ಬೇರೆ ಬರ್ಕೊಳ್ತಾರೆ ಗೊತ್ತುಂಟಾ? ನಾನು ನಿನ್ನ ಹೆಸ್ರೂ ಹಾಕ್ಸಿದೆ.”

“ನಾನ್ ಇಲ್ಲಿದ್ದೀನಲ್ಲಮ್ಮ.”

“ಮುಂದಿನ್ ಪಿಕ್ಕಿಂಗಿಗೆ ಬರ್ತೀಯಲ್ಲ. ಓದು ಮುಗಿದ್ ಮೇಲೆ ಬರ್ತೀನಿ ಅಂತ ನೀನೇ ಬರ್ಕೊಟ್ಟಿಲ್ವಾ ಅವ್ರಿಗೆ? ಸುಳ್ಳು ಬರ್ಯೋಳಲ್ಲ ನೀನು.”

ಬರೆದ ದಿನ ಅದು ಸುಳ್ಳಾಗಿರಲಿಲ್ಲ. ಪ್ರೊಫೆಸರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಹೂಂ ಎನ್ನಲು ಬಾಯಿ ತುದಿಗೆ ಬಂದಿದೆ. ಆ ಸುದ್ದಿಯನ್ನು ಅಮ್ಮನಿಗೂ ಹೇಳಲಾಗಲಿಲ್ಲ. ಅವಳಿಗೆ ಏನು ತೋಚಿತೋ, ತಾನೇ, “ಬೇಡಾಂದ್ರೆ ಹೇಳು, ನಾಳೆ ಹೆಸ್ರು ತೆಗೆಸ್ತೀನಿ” ಎಂದಳು.

“ತೆಗೆಸ್ಬೇಡಮ್ಮ,” ಎಂದೆ. “ಇರ್ಲಿ.”