ಹಿಂದಿನ ಬೆಂಚಿನ ಕೆಟೂರಾ

ಈಗೀಗ ನಮ್ಮ ಮನೆ ನೋಡಲು ಜನ ಬರುತ್ತಾರೆ. ಅಡುಗೆಮನೆಯ ಮೇಲಿನ ಕೋಣೆಯಲ್ಲಿ ಮಂಚ ಸರಿಸಿದರೆ ಗೋಡೆಯಲ್ಲೊಂದು ಗಿಡ್ಡ ಬಾಗಿಲು ಕಾಣುತ್ತದೆ. ಗುಲಾಮಗಿರಿಯಿದ್ದ ಕೆಂಟಕಿಯಿಂದ, ಅದಿಲ್ಲದ ನಮ್ಮ ಇಂಡಿಯಾನಾಕ್ಕೆ ನದಿ ದಾಟಿ ಓಡಿಬಂದ ಗುಲಾಮರನ್ನು ನನ್ನ ಅತ್ತೆ ಮೆಹಿಟಬಲ್ ಆ ಬಾಗಿಲ ಹಿಂದೆ ಅಡಗಿಸಿಡುತ್ತಿದ್ದಳು. ಬಂದವರು ಬಗ್ಗಿ ಇಣುಕಿ ನೋಡಿ, ಎಂಥ ಪುಣ್ಯಾತ್ಮರಪ್ಪಾ ನೀವು ಎಂದು ಹೊಗಳಿ ಹೋಗುತ್ತಾರೆ. ಕೇಳಿ ಕೇಳಿ ನನಗೆ ರೇಗಿಹೋಗಿದೆ. ರಸ್ತೆಯಾಚೆ ನಾವು ಪ್ರಾರ್ಥನೆಗೆ ಸೇರುವ ಸಭಾಗೃಹವಿದೆ. ಅಲ್ಲಿ ಮೆಟ್ಟಿಲ ಕೆಳಗೆ, ಕತ್ತಲ ಮೂಲೆಯಲ್ಲಿ ಒಂದು ಬೆಂಚಿತ್ತು. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ನಮ್ಮವರೂ ತಾವಾಗಿ ಬಾಯಿಬಿಡುವುದಿಲ್ಲ. ಅದರ ಮೇಲೆ ಕೂರುತ್ತಿದ್ದವಳು ಕೆಟೂರಾ.

ನಾವು ಕ್ರೈಸ್ತರಲ್ಲೇ ಒಂದು ಪಂಥ; ಊರಿನವರು ನಮ್ಮನ್ನು ಕ್ವೇಕರರು ಎನ್ನುತ್ತಾರೆ. ನಮ್ಮಲ್ಲಿ ಯಾರಿಗೂ ಬಹುವಚನವಿಲ್ಲ; ನ್ಯಾಯಾಧೀಶನೂ ನೀನು, ಹಂದಿ ಕಾಯುವವನೂ ನೀನು. ಅತ್ತೆಯನ್ನು ಏಕವಚನದಲ್ಲಿ ಕರೆದಳೆಂದು ಯಾರೂ ಮುಖ ಸಿಂಡರಿಸಬೇಕಿಲ್ಲ. ಮಾತಿನಲ್ಲಿ ಎಲ್ಲರೂ ಸಮಾನರು. ಕೂರುವ ವಿಷಯ ಬಂದಾಗ ಮಾತ್ರ ಕರಿಯರಿಗೆ ಮೆಟ್ಟಿಲ ಕೆಳಗಿನ ಬೆಂಚು.

ಕೆಟೂರಾ ಗುಲಾಮಳಲ್ಲ, ಬಿಡುಗಡೆಯ ಕಾಗದ ಪಡೆದ ಸ್ವತಂತ್ರ ಕರಿಯ ಹೆಂಗಸು. ನಮ್ಮ ಹಿರಿಯರು ಕ್ಯಾರೊಲಿನಾ ಬಿಟ್ಟು ಇಂಡಿಯಾನಾಕ್ಕೆ ಬಂದಾಗ ಅದೇ ಗಾಡಿಗಳ ಹಿಂದೆ ಗಂಡನೊಂದಿಗೆ ನಡೆದು ಬಂದವಳು. ಗಂಡ ಬೇಗ ತೀರಿಕೊಂಡ. ಬೂದಿನೀರು ಬಸಿದು ಸೋಪು ಕಾಯಿಸುವುದು, ಊರಿನ ಹೆಂಗಸರ ಬಾನೆಟ್ಟುಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ಅವಳ ಕಸುಬು. ನಮ್ಮ ಬಾನೆಟ್ಟು ಮುಖದ ಎರಡೂ ಕಡೆ ಮುಂದಕ್ಕೆ ಚಾಚಿಕೊಂಡಿರುವ ಆಳವಾದ ಟೋಪಿ. ಎದುರು ನಿಂತು ಬಗ್ಗಿ ನೋಡದಿದ್ದರೆ ಒಳಗಿರುವುದು ಯಾರೆಂದು ತಿಳಿಯದು. "ನಿಮ್ಮ ತಲೆಗಳೆಲ್ಲ ನನ್ನ ಕೈಯಲ್ಲೇ ನೆಟ್ಟಗಾಗೋದು ಕಣ್ರೇ" ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದಳು. ನಮ್ಮ ಪಂಥಕ್ಕೆ ಸೇರಿಸಿಕೊಳ್ಳಿ ಎಂದು ಎರಡು ಸಲ ಕೇಳಿದ್ದಳು. ಎರಡು ಸಲವೂ ಹಿರಿಯರು, ಇನ್ನೂ ಸ್ವಲ್ಪ ಕಾಯೋಣ ಎಂದಿದ್ದರು. ಆ ಹಿರಿಯರಲ್ಲಿ ನನ್ನ ಅತ್ತೆಯೂ ಒಬ್ಬಳು. ಓಡಿಬಂದವರಿಗಾಗಿ ಜೈಲಿಗೆ ಹೋಗಲೂ ತಯಾರಿದ್ದ ಹೆಂಗಸಿಗೆ, ಕೆಟೂರಾಳ ಪಕ್ಕ ಕೂರಲು ಮಾತ್ರ ಮನಸ್ಸು ಒಗ್ಗಿರಲಿಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ವರ್ಷ ನಾನು ಹೊಸ ಸೊಸೆ. ಮಾರ್ಚ್ ತಿಂಗಳ ಕೊನೆ, ಗುರುವಾರದ ಮೌನಸಭೆಯ ದಿನ. ಗಿಡ್ಡ ಬಾಗಿಲ ಹಿಂದೆ ವೈನಿ ಎಂಬ ಹುಡುಗಿಯಿದ್ದಳು. ಎಡಗೈ ಮಣಿಕಟ್ಟಿನ ಮೇಲೆ ಅಗಲವಾದ ಸುಟ್ಟ ಗಾಯದ ಕಲೆ. ಅವಳ ಯಜಮಾನಿ ಇಸ್ತ್ರಿಪೆಟ್ಟಿಗೆ ಇಟ್ಟದ್ದಂತೆ. ಬೆಳಿಗ್ಗೆ ಗಂಜಿ ಕುಡಿಯುತ್ತಿರುವಾಗಲೇ ಸುದ್ದಿ ಬಂತು. ಓಡಿಬಂದ ಗುಲಾಮರನ್ನು ಹಿಡಿಯುವವರು ಮೂವರು, ಕೈಯಲ್ಲಿ ಸರ್ಕಾರದ ಕಾಗದ ಹಿಡಿದುಕೊಂಡು, ಒಂದೊಂದೇ ಮನೆ ಶೋಧಿಸುತ್ತ ಬರುತ್ತಿದ್ದಾರೆ.

ನಾವು ಸಭೆಗೆ ಹೋಗದಿದ್ದರೆ ಅನುಮಾನ ಬರುತ್ತದೆ, ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಅವರು ಮಂಚ ಎಳೆಯುವುದು ಖಂಡಿತ. ಅತ್ತೆ ತನ್ನ ಬೂದುಬಣ್ಣದ ಉಡುಪು, ಶಾಲು, ಬಾನೆಟ್ಟು, ಕೈಗವಸು ತಂದು ವೈನಿಗೆ ತೊಡಿಸಿದಳು.

"ನನ್ನ ಹಿಂದೆಯೇ ಬಾ. ತಲೆ ಎತ್ತಬೇಡ. ಹೆಂಗಸರ ಸಾಲಿನ ನಡುವೆ ಕೂತುಬಿಡು," ಎಂದಳು.

"ಅಷ್ಟೊಂದು ಬಿಳಿಯರ ನಡುವೆಯಾ ಅಮ್ಮಾ?"

"ಅಲ್ಲಿ ನೀನೊಂದು ಬಾನೆಟ್ಟು, ಅಷ್ಟೆ."

ಉಪಾಯ ಚೆನ್ನಾಗಿತ್ತು. ಕೆಟ್ಟದ್ದು ಬಾಗಿಲಲ್ಲಿ. ಬಾಗಿಲು ನೋಡಿಕೊಳ್ಳುತ್ತಿದ್ದ ಜೇಬೆಜ್ ಬಲು ಸಾಚಾ ಮುದುಕ. ಕುದುರೆ ಮಾರಲು ಹೋಗಿ, ಕೊಳ್ಳುವವನಿಗೆ ಅದರ ದೋಷಗಳನ್ನೆಲ್ಲ ತಾನೇ ಹೇಳಿ, ಕುದುರೆಯನ್ನು ಮನೆಗೆ ವಾಪಸು ಹೊಡೆದುಕೊಂಡು ಬಂದವನು. ಅತ್ತೆ ಒಳಗೆ ಹೋಗಿ ಎದುರಿನ ಹಿರಿಯರ ಬೆಂಚಿನಲ್ಲಿ ಕೂತಳು. ಹಿಂದೆ ಬಂದ ವೈನಿಯ ಮುಖ ಜೇಬೆಜ್‌ಗೆ ಬಾನೆಟ್ಟಿನೊಳಗೆ ಒಂದು ಕ್ಷಣ ಕಂಡಿತು. ಅವನು ಹಿಂದುಮುಂದು ನೋಡಲಿಲ್ಲ. ಪ್ರೀತಿಯಿಂದಲೇ ಅವಳ ಮೊಣಕೈ ಹಿಡಿದು, ಪ್ರತಿ ವಾರದ ರೂಢಿಯಂತೆ, ಮೆಟ್ಟಿಲ ಕೆಳಗಿನ ಬೆಂಚಿಗೆ ಕರೆದೊಯ್ದು ಕೂರಿಸಿದ.

ಗುಲಾಮ ಹುಡುಗಿಯನ್ನು ಹುಡುಕುವವನು ಮೊದಲು ನೋಡುವ ಜಾಗವೇ ಅದು. ಅತ್ತೆಯ ಮುಖ ಸುಣ್ಣದಂತಾಯಿತು. ಆದರೆ ಸಭೆ ಶುರುವಾಗಿತ್ತು. ನಮ್ಮ ಸಭೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ದೇವರು ಪ್ರೇರೇಪಿಸಿದವರು ಎದ್ದು ಮಾತಾಡಬಹುದು, ಇಲ್ಲದಿದ್ದರೆ ಮೌನ. ಹಿರಿಯರು ಪಕ್ಕದವರ ಕೈ ಕುಲುಕಿದಾಗಲೇ ಸಭೆ ಮುಗಿಯುವುದು. ಅಲ್ಲಿಯವರೆಗೆ ಯಾರೂ ಏಳುವ ಹಾಗಿಲ್ಲ, ಪಿಸುಗುಡುವ ಹಾಗಿಲ್ಲ. ಕುತ್ತಿಗೆಗೆ ಬಂದಿದ್ದರೂ ನಮ್ಮವರು ಒಬ್ಬರೂ ಮಿಸುಕಲಿಲ್ಲ. ಹೆಂಗಸರ ಸಾಲಿನ ತುದಿಯಲ್ಲಿ ನಾನೂ ಕೂತೇ ಇದ್ದೆ. ಒಲೆಯಲ್ಲಿ ಕೊರಡು ಸಿಡಿಯುವುದು ಕೇಳುತ್ತಿತ್ತು. ಆಮೇಲೆ ಸೇತುವೆಯ ಹಲಗೆಗಳ ಮೇಲೆ ಕುದುರೆಗಳ ಸದ್ದು.

ಆಗ ಹಿಂದೆ ಬೆಂಚು ಕಿರುಗುಟ್ಟಿತು. ಕೆಟೂರಾ ಎದ್ದಿದ್ದಳು. ವೈನಿಯ ಕೈ ಹಿಡಿದು, ಸಾಲುಗಳ ನಡುವಿನ ದಾರಿಯಲ್ಲಿ, ತನ್ನ ದಪ್ಪ ಬೂಟುಗಳನ್ನು ಟಕಟಕ ಎನಿಸುತ್ತ ನಡೆದು ಬಂದಳು. ಅಷ್ಟು ವರ್ಷಗಳಲ್ಲಿ ಸಭೆ ನಡೆಯುವಾಗ ಅವಳು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ನಮ್ಮ ಸಾಲಿನ ಬಳಿ ನಿಂತು ನನ್ನನ್ನು ನೋಡಿದಳು. ನಾನು ಸರಿದೆ, ನನ್ನ ಪಕ್ಕದವಳೂ ಸರಿದಳು. ವೈನಿ ನಮ್ಮಿಬ್ಬರ ನಡುವೆ ಕೂತಳು. ಕೆಟೂರಾ ಅವಳ ತಲೆಯನ್ನು ಮೆಲ್ಲಗೆ ಬಗ್ಗಿಸಿ, ಬಾನೆಟ್ಟಿನ ಅಂಚನ್ನು ಮುಂದಕ್ಕೆಳೆದು, ತಿರುಗಿ ತನ್ನ ಮೂಲೆಗೆ ಹೋಗಿ ಕೂತಳು.

ಬಾಗಿಲು ತೆರೆಯಿತು. ಮುಂದಿದ್ದವನು ಕೆಂಪು ಗಡ್ಡದ ಗಟ್ಟಿಗ. ಟೋಪಿ ತೆಗೆದ, ನಮ್ಮ ಗಂಡಸರು ಯಾರೂ ತೆಗೆದಿಲ್ಲವೆಂದು ನೋಡಿ ಮತ್ತೆ ಹಾಕಿಕೊಂಡ.

"ಓಡಿಬಂದ ಹುಡುಗಿಯೊಬ್ಬಳು ಈ ಊರಲ್ಲಿದಾಳೆ. ಕಾನೂನು ನನ್ನ ಕಡೆ ಇದೆ. ಎಲ್ಲಿದಾಳೆ ಹೇಳಿ."

ಎಲ್ಲರೂ ನೆಲ ನೋಡುತ್ತ ಕೂತಿದ್ದರು.

"ಕಿವುಡರಾ ನೀವೆಲ್ಲ? ಸರಿ, ನಾನೇ ನೋಡ್ಕೋತೀನಿ. ಟೋಪಿಯೊಳಗಿನ ಮುಖ ಒಂದೂ ಬಿಡಲ್ಲ."

ಮೊದಲು ಮೆಟ್ಟಿಲ ಕೆಳಗೆ ನೋಡಿದ, ಅಲ್ಲಿ ಕೆಟೂರಾ ಒಬ್ಬಳೇ. ಆಮೇಲೆ ಹಿಂದಿನ ಸಾಲಿನಿಂದ ಶುರುಮಾಡಿದ. ಒಬ್ಬೊಬ್ಬರ ಮುಂದೆ ಬಗ್ಗಿ ಬಾನೆಟ್ಟಿನೊಳಗೆ ಇಣುಕುತ್ತ ಬಂದ. ವೈನಿಯ ತೊಡೆ ನನ್ನ ತೊಡೆಗೆ ತಾಗಿ ಗಡಗಡ ನಡುಗುತ್ತಿತ್ತು, ಇಡೀ ಬೆಂಚೇ ಅಲುಗುತ್ತಿದೆ ಎನಿಸಿತು. ಅವಳ ಕೈಯನ್ನು ನನ್ನ ಶಾಲಿನಡಿ ಅಮುಕಿ ಹಿಡಿದೆ. ಅವನು ನಮ್ಮ ಹಿಂದಿನ ಸಾಲಿಗೆ ಬಂದಿದ್ದ.

"ಕೈ ಮೇಲೆ ಸುಟ್ಟ ಕಲೆ ಇರೋ ಹುಡುಗೀನಾ, ದೊರೇ?"

ಕೆಟೂರಾಳ ಧ್ವನಿ. ಅವನು ಥಟ್ಟನೆ ತಿರುಗಿದ. "ಎಡಗೈ. ನಿನಗೆ ಹೇಗೆ ಗೊತ್ತು?"

"ಗೊತ್ತಾಗದೆ ಏನು? ಬೆಳಿಗ್ಗೆ ನನ್ನ ಬಾಗಿಲು ಬಡಿದು ರೊಟ್ಟಿ ಕೇಳಿದ್ಲು. ನನ್ನ ತಲೆ ಉಳಿಸ್ಕೊಳೋದೇ ನನಗೆ ಕಷ್ಟ, ನಡಿ ಆಚೆ ಅಂತ ಅಟ್ಟಿಬಿಟ್ಟೆ. ಚರ್ಮ ಹದಮಾಡೋನ ಗಾಡಿ ಹತ್ತಿ ಗಿರಣಿ ದಾರಿ ಹಿಡಿದ್ಲು. ಈ ಜನಾನ ಕೇಳಿ ಏನು ಪ್ರಯೋಜನ ದೊರೇ? ಇವರು ದೇವರ ಹತ್ರಾನೇ ಮಾತಾಡಲ್ಲ!"

ಅವನ ಜೊತೆಯವರು ನಕ್ಕರು. ಕೆಂಪು ಗಡ್ಡದವನು ನಗಲಿಲ್ಲ. ಜೇಬೆಜ್‌ನ ಬಳಿ ಹೋಗಿ ನಿಂತ. "ನಿಮ್ಮವರು ಪ್ರಾಣ ಹೋದ್ರೂ ಸುಳ್ಳು ಹೇಳಲ್ಲ ಅಂತಾರೆ. ಹೇಳು ಮುದುಕಾ, ಇವಳು ಹೇಳಿದ್ದು ನಿಜವಾ?"

ಜೇಬೆಜ್ ಎದ್ದು ನಿಂತ. ಕುದುರೆ ಮಾರಲಾಗದ ಮನುಷ್ಯ! ಅವನ ಗಲ್ಲ ಅದುರಿತು, ಬಾಯಿ ತೆರೆಯಿತು. ಕೆಟೂರಾಳನ್ನು ನೋಡಿದ, ಅವಳ ಪಕ್ಕದ ಖಾಲಿ ಜಾಗ ನೋಡಿದ. ತಾನೇ ಆ ಹುಡುಗಿಯನ್ನು ಎಲ್ಲಿ ಕೂರಿಸಿದ್ದೆನೆಂದು ಅವನಿಗೆ ಹೊಳೆದದ್ದು ಆಗಲೇ ಇರಬೇಕು. ಬಾಯಿ ಮುಚ್ಚಿ ಕುಸಿದು ಕೂತ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಮುದುಕನಿಗೆ ಹೆದರಿಕೆ," ಎಂದ ಅವನ ಜೊತೆಯವನೊಬ್ಬ.

ಕೆಂಪು ಗಡ್ಡದವನು ಕೆಟೂರಾಳ ತೋಳು ಹಿಡಿದೆಳೆದ. "ಹಾಗಾದ್ರೆ ನೀನೇ ಬಂದು ದಾರಿ ತೋರಿಸು. ಗಾಡಿ ಸಿಗಲಿಲ್ಲ ಅಂದ್ರೆ ಅವಳ ಬದಲು ನಿನ್ನೇ ನದಿ ದಾಟಿಸ್ತೀನಿ."

"ನನ್ನ ಹತ್ರ ಬಿಡುಗಡೆ ಕಾಗದ ಐತೆ ದೊರೇ."

"ಕಾಗದಕ್ಕೆ ಬೆಂಕಿ ಹಚ್ಚೋಕೆ ಎಷ್ಟು ಹೊತ್ತು ಬೇಕು?"

ಕೆಟೂರಾ ಶಾಲು ಹೊದ್ದು ಹೊರಟಳು. ತಿರುಗಿ ಸಹ ನೋಡಲಿಲ್ಲ. ನಮ್ಮ ಗಂಡಸರು ಅಷ್ಟು ಜನ ಇದ್ದರು. ಕೈ ಎತ್ತುವುದು ನಮ್ಮ ಧರ್ಮವಲ್ಲ. ಆ ಧರ್ಮದ ಮೇಲೆ ಅವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕುದುರೆಗಳ ಸದ್ದು ಗಿರಣಿಯ ಕಡೆ ಅಡಗಿದ ಮೇಲೆ ನಾನು ವೈನಿಯನ್ನು ಹೆಂಗಸರ ಕಡೆಯ ಪಕ್ಕದ ಬಾಗಿಲಿನಿಂದ ಹೊರಗೆ ಕರೆತಂದು, ಗಾಡಿ ಹತ್ತಿಸಿ, ಉತ್ತರದ ಕಡೆ ಹೊಡೆದೆ. "ಆಯಮ್ಮನ್ನ ಏನು ಮಾಡ್ತಾರೆ?" ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು. ನಾನು ಕುದುರೆಯನ್ನು ಇನ್ನಷ್ಟು ಜೋರಾಗಿ ಓಡಿಸಿದೆ. ನಂಬುಗೆಯ ಮನೆಯೊಂದರಲ್ಲಿ ಅವಳನ್ನು ಒಪ್ಪಿಸಿ ವಾಪಸಾಗುವಾಗ ಹೊತ್ತು ಇಳಿಯುತ್ತಿತ್ತು. ಊರಿನ ಹಸುಗಳೆಲ್ಲ ಕೆಚ್ಚಲು ಬಿಗಿದು ಅರಚುತ್ತಿದ್ದವು. ಸಭಾಗೃಹಕ್ಕೆ ಹೋಗಿ ನೋಡಿದರೆ ಎಲ್ಲರೂ ಕೂತೇ ಇದ್ದಾರೆ. ಒಲೆ ಆರಿದೆ, ಮಕ್ಕಳು ಹಸಿದು ಮಡಿಲಲ್ಲೇ ಮಲಗಿವೆ. ಕೆಟೂರಾ ಬರುವವರೆಗೆ ಅತ್ತೆ ಯಾರ ಕೈಯನ್ನೂ ಕುಲುಕುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು. ನಾನೂ ಹೋಗಿ ಕೂತೆ.

ಕತ್ತಲಾಗುವ ಮುಂಚೆ ಅವಳು ಬಂದಳು. ಮೊಣಕಾಲವರೆಗೆ ಕೆಸರು, ತುಟಿ ಒಡೆದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಗಾಡಿ ಸಿಗದೆ ರೇಗಿದ ಆ ಗಂಡಸು ಗಿರಣಿಯ ಅಂಗಳದಲ್ಲಿ ಅವಳನ್ನು ಚಾಟಿಯ ಹಿಡಿಯಿಂದ ಹೊಡೆದಿದ್ದ. ನದಿಯ ಕಡೆ ಎಳೆದೊಯ್ಯಲು ನೋಡಿದಾಗ ಗಿರಣಿಯ ಆಳುಗಳು ಸನಿಕೆ ಹಿಡಿದು ಅಡ್ಡ ನಿಂತರಂತೆ. ಪುಣ್ಯಕ್ಕೆ ಅವರು ನಮ್ಮವರಲ್ಲ.

ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ನೋಡಿ, "ಇನ್ನೂ ಕೂತಿದೀರಾ? ಹೋಗಿ ಹಾಲು ಕರೀರಿ, ಆ ಹಸುಗಳು ನನಗಿಂತ ಜಾಸ್ತಿ ನರಳ್ತಿವೆ. ಹುಡುಗಿ?" ಎಂದಳು.

"ಪಾರಾದಳು," ಎಂದೆ.

ಅತ್ತೆ ಹಿರಿಯರ ಬೆಂಚಿನಿಂದ ಇಳಿದು ಬಂದಳು. ಅವಳು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. "ಕೆಟೂರಾ, ನಾವು ನಿನಗೆ ಅನ್ಯಾಯ ಮಾಡಿದ್ವಿ. ಬರೋ ತಿಂಗಳ ಹಿರಿಯರ ಸಭೇಲಿ ನಿನ್ನ ಹೆಸರು ನಾನೇ ಎತ್ತುತ್ತೀನಿ. ಯಾರೂ ಬೇಡ ಅನ್ನಲ್ಲ. ನೀನು ನಮ್ಮವಳಾಗು."

ಕೆಟೂರಾ ಒಡೆದ ತುಟಿಯನ್ನು ಶಾಲಿನ ಅಂಚಿನಿಂದ ಒತ್ತಿಕೊಂಡಳು.

"ಆಗಲ್ಲ ಮೆಹಿಟಬಲ್," ಎಂದಳು. "ನಿಮ್ಮವಳಾದ್ರೆ ನಿಮ್ಮ ಹಾಗೆ ನಿಜ ಹೇಳ್ಬೇಕು. ಮುಂದಿನ ಹುಡುಗಿ ಬಂದಾಗ ಸುಳ್ಳು ಹೇಳೋಕೆ ಇಲ್ಲಿ ಯಾರಿದೀರಿ?"